4 ಮೀಟರ್ ಬಯೋಫ್ಲಾಕ್ ಸೆಟ್: ಮೀನಿಗೇನೋ ಸರಿ, ಕೆಸರು ಹೋಗುವುದೆಲ್ಲಿಗೆ?

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಬಯೋಫ್ಲಾಕ್‌ಗೂ ಸಹಾಯಧನ ಸಿಗತೊಡಗಿದ ಮೇಲೆ ಮಂಗಳೂರು, ಉಡುಪಿ ಸುತ್ತಮುತ್ತಲಿನ ಅಡಿಕೆ ತೋಟಗಳ ಅಂಚಿನಲ್ಲಿ ನೀಲಿ ತಾರ್ಪಾಲಿನ ದುಂಡು ಟ್ಯಾಂಕ್‌ಗಳು ಕಾಣಿಸಿಕೊಂಡವು. ಮೀನಿನ ತ್ಯಾಜ್ಯವನ್ನು ಬ್ಯಾಕ್ಟೀರಿಯಾದ ಸಣ್ಣ ಮುದ್ದೆಗಳಾಗಿ (ಅದೇ ಫ್ಲಾಕ್) ಮಾಡಿ, ನೀರು ಬದಲಿಸದೆ ಮೀನು ಸಾಕುವ ವಿಧಾನವೇ ಬಯೋಫ್ಲಾಕ್. ಈ ವಿಮರ್ಶೆ ಆ ಟ್ಯಾಂಕಿನ ಜತೆ 'ಪೂರ್ತಿ ಸೆಟ್' ಎಂದು ಮಾರುವ ಸಾಮಾನಿನ ಬಗ್ಗೆ. ಮಾರುವವರು ಹಲವರಿದ್ದಾರೆ, ಹೆಸರು ಬೇರೆ ಬೇರೆ, ಒಳಗಿರುವುದು ಹೆಚ್ಚುಕಮ್ಮಿ ಒಂದೇ: 4 ಮೀಟರ್ ಅಡ್ಡಳತೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಮೆಶ್ಶಿನ ಉಂಗುರ, ಪಿವಿಸಿ ತಾರ್ಪಾಲು, ಏರ್ ಪಂಪ್ ಮತ್ತು ಏರ್‌ಸ್ಟೋನ್, ಕೆಸರು ಇಳಿಯಲು 200 ಲೀಟರ್ ಡ್ರಮ್, ಅದಕ್ಕೊಂದು ಸಬ್‌ಮರ್ಸಿಬಲ್ ಪಂಪ್, ಫ್ಲಾಕ್ ಅಳೆಯುವ ಇಮ್‌ಹಾಫ್ ಕೋನ್, ಹನಿ ಹಾಕಿ ನೋಡುವ ಪರೀಕ್ಷಾ ಕಿಟ್, ಒಂದು ಪ್ಯಾಕೆಟ್ ಪ್ರೋಬಯೋಟಿಕ್. ದರ ತಾರ್ಪಾಲಿನ ದಪ್ಪದ ಮೇಲೆ ಹೋಗುತ್ತದೆ. 550 ಜಿಎಸ್ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) 650 ಜಿಎಸ್ಎಂನದ್ದು ದುಬಾರಿ, ಆದರೆ ಕರಾವಳಿಯ ಬಿಸಿಲು ಮಳೆಗೆ ಅದೇ ಬೇಕು.

ಮೀನು ಎಷ್ಟು ಬರುತ್ತದೆ, ಲಾಭ ಎಷ್ಟು ಎಂಬ ಲೆಕ್ಕ ಎಲ್ಲರೂ ಹೇಳುತ್ತಾರೆ. ಇಲ್ಲಿ ನೋಡಿರುವುದು ಬೇರೆ ಮಾತು. 'ನೀರು ಬದಲಿಸಬೇಕಿಲ್ಲ, ಮಾಲಿನ್ಯವೇ ಇಲ್ಲ' ಎಂದು ಮಾರುವ ಈ ಸೆಟ್‌ನಿಂದ ಸಾರಜನಕ ಮತ್ತು ರಂಜಕ ನಿಜಕ್ಕೂ ಎಲ್ಲಿಗೆ ಹೋಗುತ್ತವೆ? ಮುರಕಲ್ಲಿನ ಗುಡ್ಡೆ, ಗುಡ್ಡೆಯ ಬುಡದಲ್ಲಿ ಬಾವಿ, ಬಾವಿಯ ಕೆಳಗೆ ತೋಡು, ತೋಡು ಸೇರುವುದು ಸ್ವರ್ಣಾ, ಸೀತಾ, ಫಲ್ಗುಣಿ ಅಥವಾ ನೇತ್ರಾವತಿ. ಈ ಇಳಿಜಾರಿನಲ್ಲಿ ಟ್ಯಾಂಕ್ ಇಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಲೆಕ್ಕ ಫೀಡಿನ ಚೀಲದಿಂದ ಶುರುವಾಗುತ್ತದೆ. ಟ್ಯಾಂಕಿಗೆ 1 ಮೀಟರ್ ನೀರು ನಿಲ್ಲಿಸಿದರೆ ಸುಮಾರು 12,500 ಲೀಟರ್. ಒಂದು ಬೆಳೆಗೆ 200 ಕೆ.ಜಿ. ತಿಲಾಪಿಯಾ ಎಂದಿಟ್ಟುಕೊಳ್ಳಿ. ಒಂದು ಕೆ.ಜಿ. ಮೀನಿಗೆ ಒಂದೂವರೆ ಕೆ.ಜಿ. ತೇಲುವ ಫೀಡ್ ಎಂದರೆ 300 ಕೆ.ಜಿ. ಪ್ರೋಟೀನಿನ 16% ಸಾರಜನಕ. 28% ಪ್ರೋಟೀನಿನ ಫೀಡ್ ಆದರೆ ಕೆ.ಜಿ.ಗೆ ಸುಮಾರು 45 ಗ್ರಾಂ. 300 ಕೆ.ಜಿ.ಯಲ್ಲಿ 13.4 ಕೆ.ಜಿ. ಸಾರಜನಕ ಟ್ಯಾಂಕಿಗೆ ಬಿತ್ತು. ಮಾರಾಟವಾಗುವ ಮೀನಿನ ಮೈಯಲ್ಲಿ ಹೊರಗೆ ಹೋಗುವುದು ಹೆಚ್ಚೆಂದರೆ 5 ಕೆ.ಜಿ. ಉಳಿದ ಎಂಟೂವರೆ ಕೆ.ಜಿ. ನಿಮ್ಮ ಜಾಗದಲ್ಲೇ ಉಳಿಯುತ್ತದೆ. ರಂಜಕ 1.2% ಹಿಡಿದರೆ 3.6 ಕೆ.ಜಿ. ಒಳಗೆ, ಸುಮಾರು 1.4 ಕೆ.ಜಿ. ಮೀನಿನ ಜತೆ ಹೊರಗೆ, 2.2 ಕೆ.ಜಿ. ಉಳಿಕೆ. ಸಾರಜನಕದಲ್ಲಿ ಒಂದಷ್ಟು ಗಾಳಿಗೆ ಹಾರಿಹೋಗಬಹುದು. ರಂಜಕಕ್ಕೆ ಆ ದಾರಿಯೇ ಇಲ್ಲ. ಸಿಹಿನೀರಿನಲ್ಲಿ ಪಾಚಿ ಏಳಿಸುವುದು ಬಹುಮಟ್ಟಿಗೆ ಅದೇ ರಂಜಕ.

ಹಾಗಾದರೆ ಸೆಟ್ ಏನು ಮಾಡುತ್ತದೆ? ಕರಗಿದ್ದನ್ನು ಗಟ್ಟಿ ಮಾಡುತ್ತದೆ, ಅಷ್ಟೇ. ಅದೂ ಸಣ್ಣ ಕೆಲಸವಲ್ಲ, ಏಕೆಂದರೆ ಗಟ್ಟಿಯಾದದ್ದನ್ನು ಬಕೆಟ್‌ನಲ್ಲಿ ಹೊತ್ತು ಬೇಕಾದ ಕಡೆ ಹಾಕಬಹುದು. ಆದರೆ ಬಕೆಟ್ ಹೊರುವ ಕೆಲಸ ನಿಮ್ಮದು. ಆ ವಿಷಯ ಜತೆಗೆ ಕೊಡುವ ಕೈಪಿಡಿಯಲ್ಲಿ ಇಲ್ಲ.

ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಟ್ಯಾಂಕಿಗೆ ಹಾಕುವ ಬೆಲ್ಲದ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇದೆ. ದಿನಕ್ಕೆ 3 ಕೆ.ಜಿ. ಫೀಡ್ ಹಾಕುವ ಹಂತದಲ್ಲಿ ಮೀನು ಬಿಡುವ ಅಮೋನಿಯಾ ಸಾರಜನಕ ಸುಮಾರು 77 ಗ್ರಾಂ. ಫೀಡಿನ ತೂಕವನ್ನು ಪ್ರೋಟೀನ್ ಪ್ರಮಾಣದಿಂದಲೂ 0.092ರಿಂದಲೂ ಗುಣಿಸಿದರೆ ಈ ಅಂಕಿ ಬರುತ್ತದೆ. 1 ಗ್ರಾಂ ಅಮೋನಿಯಾ ಸಾರಜನಕಕ್ಕೆ 15ರಿಂದ 20 ಗ್ರಾಂ ಬೆಲ್ಲ ಹಾಕಿದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಫ್ಲಾಕ್ ಆಗುತ್ತವೆ. ಕಿಟ್‌ನಲ್ಲಿ ಅಮೋನಿಯಾ ಸೊನ್ನೆ ತೋರಿಸಿದರೆ 'ಮಾಲಿನ್ಯ ಹೋಯಿತು' ಎಂದಲ್ಲ. ಹೀಗೆ ಬೆಲ್ಲದ ದಾರಿಯಲ್ಲಿ ಹೋದ ಪ್ರತಿ ಗ್ರಾಂ ಸಾರಜನಕಕ್ಕೆ ಸುಮಾರು 8 ಗ್ರಾಂ ಒಣ ಕೆಸರು ಹುಟ್ಟುತ್ತದೆ. ಅದೇ ಸಾರಜನಕ ನೈಟ್ರಿಫೈಯಿಂಗ್ ಬ್ಯಾಕ್ಟೀರಿಯಾದ ಮೂಲಕ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆದರೆ ಹುಟ್ಟುವ ಕೆಸರು ಗ್ರಾಂಗೆ 0.2 ಗ್ರಾಂ ಮಾತ್ರ. ಪೂರ್ತಿ ಬೆಲ್ಲದ ಮೇಲೆ ನಡೆಸುವ ಟ್ಯಾಂಕಿನಲ್ಲಿ ದಿನಕ್ಕೆ 600 ಗ್ರಾಂ ಒಣ ಕೆಸರು ಎಂದರೆ ತೆಳ್ಳಗಿನ ಬಗ್ಗಡವಾಗಿ 30ರಿಂದ 60 ಲೀಟರ್. ದಿನಾ ನಾಲ್ಕೈದು ಬಕೆಟ್. ಅದಕ್ಕೇ ನಮ್ಮ ಅಭಿಪ್ರಾಯ: ಮೊದಲ ಐದಾರು ವಾರ ಬೆಲ್ಲ ಹಾಕಿ, ನೈಟ್ರೈಟ್ ಏರಿ ಇಳಿದು ನೈಟ್ರೇಟ್ ಕಾಣಿಸಿಕೊಂಡ ಮೇಲೆ ಹಂತಹಂತವಾಗಿ ಕಡಿಮೆ ಮಾಡಿ, ಆಮೇಲೆ ಅಮೋನಿಯಾ ಲೀಟರಿಗೆ 1 ಮಿ.ಗ್ರಾಂ ದಾಟಿದ ದಿನ ಮಾತ್ರ ಹಾಕಿ. ಜತೆಗೆ ಬರುವ ಪ್ರೋಬಯೋಟಿಕ್ ಪ್ಯಾಕೆಟ್ ಇಲ್ಲದಿದ್ದರೂ ಇದು ನಡೆಯುತ್ತದೆ. ಚೆನ್ನಾಗಿ ನಡೆಯುತ್ತಿರುವ ಟ್ಯಾಂಕಿನ ಎರಡು ಬಕೆಟ್ ನೀರು ಅದಕ್ಕಿಂತ ಒಳ್ಳೆಯ ಹೆಪ್ಪು.

ಆದರೆ ನೈಟ್ರೇಟಿನ ದಾರಿಗೆ ಇಲ್ಲಿನ ನೀರಿನಲ್ಲಿ ಒಂದು ತೊಡಕಿದೆ. ಮುರಕಲ್ಲಿನ ಬಾವಿ ನೀರು ಮೆದು, ಹುಳಿ. ಪಿಎಚ್ 6ರ ಆಸುಪಾಸು, ಕ್ಷಾರತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ, ತೀರಾ ಕಡಿಮೆ. 1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 7 ಗ್ರಾಂಗೂ ಹೆಚ್ಚು ಕ್ಷಾರತೆ ಖರ್ಚಾಗುತ್ತದೆ. ಆ 77 ಗ್ರಾಂ ಪೂರ್ತಿ ಆ ದಾರಿ ಹಿಡಿದರೆ ದಿನಕ್ಕೆ 550 ಗ್ರಾಂ, ಅಂದರೆ ಅಡುಗೆ ಸೋಡಾದಲ್ಲಿ 900 ಗ್ರಾಂಗೂ ಮೇಲೆ. ಇದನ್ನು ತುಂಬಿಕೊಡದಿದ್ದರೆ ಬ್ಯಾಕ್ಟೀರಿಯಾ ಕೈಬಿಡುತ್ತವೆ, ಅಮೋನಿಯಾ ಏರುತ್ತದೆ, ಮಾಲೀಕರು ಗಾಬರಿಯಿಂದ ಅರ್ಧ ಟ್ಯಾಂಕ್ ನೀರನ್ನು ತೋಡಿಗೆ ಬಿಡುತ್ತಾರೆ. ಇಲ್ಲಿ ಆಗುವ ಮಾಲಿನ್ಯದಲ್ಲಿ ಈ ಗಾಬರಿಯ ಪಾಲು ದೊಡ್ಡದು. ಕ್ಷಾರತೆಯನ್ನು ಲೀಟರಿಗೆ 100ರಿಂದ 150 ಮಿ.ಗ್ರಾಂ ಒಳಗೆ ಇಟ್ಟುಕೊಳ್ಳಿ. 12,500 ಲೀಟರಿನಲ್ಲಿ 50 ಮಿ.ಗ್ರಾಂ ಏರಿಸಲು 1 ಕೆ.ಜಿ. ಚಿಲ್ಲರೆ ಅಡುಗೆ ಸೋಡಾ ಬೇಕು. ಅರಳಿದ ಸುಣ್ಣ ಅಗ್ಗ, ಆದರೆ ಒಮ್ಮೆಲೇ ಸುರಿದರೆ ಪಿಎಚ್ ಜಿಗಿಯುತ್ತದೆ. 28 ಡಿಗ್ರಿ ನೀರಿನಲ್ಲಿ ಪಿಎಚ್ 7ಕ್ಕೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ಪಾಲು 1%ಗಿಂತ ಕಡಿಮೆ, ಪಿಎಚ್ 8ಕ್ಕೆ ಆರೂವರೆ, 9ಕ್ಕೆ ಸುಮಾರು 40. ಸುಣ್ಣವನ್ನು ಬಕೆಟ್‌ನಲ್ಲಿ ಕಲಸಿ, ತಿಳಿಯನ್ನು ದಿನಕ್ಕೆ ಮೂರು ನಾಲ್ಕು ಸಲವಾಗಿ ಹಾಕಬೇಕು. ಇಷ್ಟು ಮುಖ್ಯವಾದ ಕ್ಷಾರತೆಯನ್ನು ಅಳೆಯುವ ಬಾಟಲಿಯೇ ಹೆಚ್ಚಿನ ಸೆಟ್‌ಗಳ ಕಿಟ್‌ನಲ್ಲಿ ಇರುವುದಿಲ್ಲ. ದೊಡ್ಡ ಕೊರತೆ ಇದು, ಬೇರೆಯಾಗಿ ಕೊಳ್ಳಲೇಬೇಕು.

ಈಗ ಡ್ರಮ್. ಸೆಟ್‌ನ ಒಳ್ಳೆಯ ಭಾಗವೂ ಇದೇ, ಕೆಟ್ಟದಾಗಿ ಜೋಡಿಸಿದ ಭಾಗವೂ ಇದೇ. ಟ್ಯಾಂಕಿನ ನೀರು ಡ್ರಮ್ಮಿನ ನಡುವಿನ ಅಗಲ ಪೈಪಿನೊಳಗೆ ಬಂದು ವೇಗ ಕಳೆದುಕೊಳ್ಳುತ್ತದೆ, ಕೆಳಗಿಳಿದು ಹೊರಮೈಯಲ್ಲಿ ನಿಧಾನ ಏರಿ ಮೇಲಿನ ಅಂಚಿನಿಂದ ಟ್ಯಾಂಕಿಗೆ ಮರಳುತ್ತದೆ. ಕೆಸರು ತಳದಲ್ಲಿ ಕೂರುತ್ತದೆ. ಕೂರಬೇಕಾದರೆ ನೀರು ಡ್ರಮ್ಮಿನಲ್ಲಿ 20 ನಿಮಿಷವಾದರೂ ಇರಬೇಕು, ಅಂದರೆ ನಿಮಿಷಕ್ಕೆ 10 ಲೀಟರ್ ಹರಿವು. ಸೆಟ್‌ನಲ್ಲಿ ಕೊಡುವ ಪಂಪ್ ಸಾಮಾನ್ಯವಾಗಿ ಗಂಟೆಗೆ 3,000 ಲೀಟರಿನದ್ದು. ನಿಮಿಷಕ್ಕೆ 50 ಲೀಟರ್ ಆಯಿತು. ನೀರು ಡ್ರಮ್ಮಿನಲ್ಲಿ ಇರುವುದು ನಾಲ್ಕೇ ನಿಮಿಷ. ಅದರ ಮೇಲೆ ಪಂಪಿನ ರೆಕ್ಕೆ ಫ್ಲಾಕನ್ನು ಅರೆದು ಪುಡಿ ಮಾಡಿರುತ್ತದೆ, ಪುಡಿಯಾದದ್ದು ಕೂರುವುದೇ ಇಲ್ಲ. 'ಡ್ರಮ್ ಕೆಲಸ ಮಾಡುವುದಿಲ್ಲ' ಎಂಬ ದೂರಿನ ಮೂಲ ಇಲ್ಲಿದೆ.

ಸರಿಪಡಿಸುವುದು ಸುಲಭ. ಆ ಪಂಪನ್ನು ತೋಟಕ್ಕೆ ನೀರು ಬಿಡಲು ಇಟ್ಟುಕೊಳ್ಳಿ. ಒಂದಿಂಚಿನ ಪಿವಿಸಿ ಪೈಪನ್ನು ಟ್ಯಾಂಕಿನ ತಳದ ಹತ್ತಿರದವರೆಗೆ ಇಳಿಸಿ, ಕೆಳತುದಿಯಲ್ಲಿ ಏರ್ ಪಂಪಿನ ಒಂದು ಟ್ಯೂಬ್ ಸಿಕ್ಕಿಸಿದರೆ ಏರ್‌ಲಿಫ್ಟ್ ಆಗುತ್ತದೆ. ಗಾಳಿಯ ಗುಳ್ಳೆ ನೀರನ್ನು ಮೆಲ್ಲಗೆ ಎತ್ತುತ್ತದೆ, ಫ್ಲಾಕ್ ಒಡೆಯುವುದಿಲ್ಲ. ಡ್ರಮ್ಮನ್ನು ಎರಡು ವರಸೆ ಕೆಂಪುಕಲ್ಲಿನ ಮೇಲೆ ನಿಲ್ಲಿಸಿ, ಮರಳುವ ಪೈಪು ಟ್ಯಾಂಕಿನ ನೀರಿಗಿಂತ ಒಂದು ಗೇಣು ಮೇಲಿದ್ದರೆ ಸಾಕು. ಹರಿವನ್ನು ಬಕೆಟ್ ಹಿಡಿದು ಅಳೆಯಿರಿ: 10 ಲೀಟರ್ ತುಂಬಲು ಒಂದು ನಿಮಿಷ ಬೇಕು. ಬೇಗ ತುಂಬಿದರೆ ಗಾಳಿ ಕಡಿಮೆ ಮಾಡಿ. ಡ್ರಮ್ಮಿನ ತಳ ಚಪ್ಪಟೆ ಇದ್ದರೆ ಕೆಸರು ಮೂಲೆಯಲ್ಲಿ ಉಳಿದು ಕೊಳೆಯುತ್ತದೆ. ವಾಲ್ವಿನ ಕಡೆಗೆ ಇಳಿಜಾರಾಗುವಂತೆ ಸಿಮೆಂಟ್ ಗಾರೆ ಹಾಕಿ, ಒಣಗಿದ ಮೇಲೆ ನಾಲ್ಕೈದು ಸಲ ನೀರು ತುಂಬಿ ಚೆಲ್ಲಿ ಬಳಸಿ. ಹೊಸ ಸಿಮೆಂಟ್ ಪಿಎಚ್ ಏರಿಸುತ್ತದೆ.

ಡ್ರಮ್ ದಿನವಿಡೀ ಓಡಬೇಕಿಲ್ಲ. ಇಮ್‌ಹಾಫ್ ಕೋನಿನಲ್ಲಿ ಒಂದು ಲೀಟರ್ ನೀರು ಹಿಡಿದು 20 ನಿಮಿಷ ಬಿಡಿ. ತುದಿಯಲ್ಲಿ ಕಂದು ಬಣ್ಣದ ಹತ್ತಿಯಂಥದ್ದು ಇಳಿದು ಗೆರೆ ಕಾಣುತ್ತದೆ. ಗೆರೆ 25 ಮಿ.ಲೀ. ದಾಟಿದರೆ ಡ್ರಮ್ ಹಾಕಿ, 10–15ಕ್ಕೆ ಇಳಿದಾಗ ನಿಲ್ಲಿಸಿ. 25 ದಾಟಿ ಫ್ಲಾಕ್ ಇದ್ದರೆ ಮೀನಿನ ಪಾಲಿನ ಆಮ್ಲಜನಕವನ್ನೂ ಅದೇ ತಿನ್ನುತ್ತದೆ, ಕರೆಂಟ್ ಹೋದಾಗ ಸಿಗುವ ಸಮಯ ಇನ್ನೂ ಕಡಿಮೆ. ಡ್ರಮ್ಮಿನ ತಳದ ವಾಲ್ವನ್ನು ಬೆಳಗ್ಗೆ, ಸಂಜೆ ತಪ್ಪದೆ ತೆರೆಯಬೇಕು. ಒಂದು ದಿನ ಬಿಟ್ಟರೆ ತಳದಲ್ಲಿ ಉಸಿರಿಲ್ಲದೆ ಕೊಳೆತು ಮೊಟ್ಟೆ ನಾತ ಬರುತ್ತದೆ, ಹಿಡಿದಿಟ್ಟ ಅಮೋನಿಯಾ ಮತ್ತು ರಂಜಕ ಕರಗಿ ಟ್ಯಾಂಕಿಗೇ ವಾಪಸ್ ಹೋಗುತ್ತವೆ.

ವಾಲ್ವ್ ತೆರೆದ ಮೇಲೆ ಬಗ್ಗಡ ಎಲ್ಲಿಗೆ? ಹೆಚ್ಚಿನ ಕಡೆ ಟ್ಯಾಂಕಿನ ಪಕ್ಕದ ಒಂದೇ ತೆಂಗಿನ ಬುಡಕ್ಕೆ, ದಿನಾ ಅದೇ ಬುಡಕ್ಕೆ. ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ, ಆದರೆ ಅದು ಮುರಕಲ್ಲಿನ ತೂತುಗಳಲ್ಲಿ ಇಳಿದು ಬಾವಿ ಕಡೆಗೆ ಹೊರಟಿರುತ್ತದೆ. ಎಷ್ಟು ಮರ ಬೇಕು ಎಂಬುದನ್ನು ಗೊಬ್ಬರದ ಶಿಫಾರಸಿನಿಂದಲೇ ಲೆಕ್ಕ ಹಾಕಬಹುದು. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್. ತೆಂಗಿಗೆ 500, 320, 1,200. ಗೊಬ್ಬರದ ಲೆಕ್ಕದಲ್ಲಿ ರಂಜಕ ಎಂದರೆ ಅದರ ಆಕ್ಸೈಡ್, ಹಾಗಾಗಿ ನಮ್ಮ 2.2 ಕೆ.ಜಿ.ಯನ್ನು 2.29ರಿಂದ ಗುಣಿಸಬೇಕು: 5 ಕೆ.ಜಿ. ಆಯಿತು. ಅಡಿಕೆಗಾದರೆ 125 ಮರ, ತೆಂಗಿಗಾದರೆ 16. 2.75 ಮೀಟರ್ ಅಂತರದ ಅಡಿಕೆ ತೋಟದಲ್ಲಿ 125 ಮರ ಎಂದರೆ 23–24 ಸೆಂಟ್ಸ್. ವರ್ಷಕ್ಕೆ ಎರಡು ಬೆಳೆ ತೆಗೆದರೆ ಅರ್ಧ ಎಕರೆ ಹತ್ತಿರ ಬೇಕು, ಅಷ್ಟೂ ಮರಕ್ಕೆ ಅಂಗಡಿಯ ರಂಜಕದ ಗೊಬ್ಬರ ನಿಲ್ಲಿಸಬೇಕು. ಪೊಟ್ಯಾಶ್ ಮಾತ್ರ ಈ ಕೆಸರಿನಲ್ಲಿ ಸಾಕಷ್ಟು ಇರುವುದಿಲ್ಲ, ಅದನ್ನು ಎಂದಿನಂತೆ ಹಾಕಿ. 10 ಸೆಂಟ್ಸ್ ಮನೆಯಂಗಳದಲ್ಲಿ ಮೂರು ಟ್ಯಾಂಕ್ ಇಡುವವರಿಗೆ ಈ ಸೆಟ್ ಬೇಡ. ಇದನ್ನು ಮಾರುವವರೇ ಹೇಳಬೇಕಿತ್ತು.

ಜಾಗ ಕಡಿಮೆ ಇದ್ದು ಒಂದೇ ಟ್ಯಾಂಕ್ ಇದ್ದರೆ ಬಗ್ಗಡವನ್ನು ತರಗೆಲೆ, ಅಡಿಕೆ ಸೋಗೆ, ತೆಂಗಿನ ನಾರಿನ ಪುಡಿ ತುಂಬಿದ ಗುಂಡಿಗೆ ಸುರಿದು ಗೊಬ್ಬರ ಮಾಡಿ. ಒಣ ಸೊಪ್ಪಿನಲ್ಲಿರುವ ಇಂಗಾಲ ಸಾರಜನಕವನ್ನು ಹಿಡಿದಿಡುತ್ತದೆ, ಗೊಬ್ಬರವನ್ನು ಬೇಕಾದವರಿಗೆ ಕೊಡಬಹುದು. ಗುಂಡಿಯ ಮೇಲೆ ಸೂರು ಇರಲಿ. ಸೋರುವ ನೀರು ಹರಿಯುವ ಕಡೆ ಒಂದು ಸಾಲು ಕೆಸು, ಪಕ್ಕದಲ್ಲಿ ಬಸಳೆ ಚಪ್ಪರ ಹಾಕಿದರೆ ಅದೂ ಹೀರುತ್ತದೆ. ಕೆಸು ಎಲೆ ಕೊಯ್ದು ತೆಗೆದಾಗ ಮಾತ್ರ ಸಾರ ಹೊರಹೋಗುತ್ತದೆ. ಅಲ್ಲೇ ಕೊಳೆಯಲು ಬಿಟ್ಟರೆ ಹೀರಿದ್ದು ವಾಪಸ್ ಮಣ್ಣಿಗೆ. ಪತ್ರೊಡೆಗೆ ಎಲೆ ಸಿಕ್ಕಿತು ಎಂಬುದು ಬೇರೆಯ ಸಂತೋಷ.

ಉಪ್ಪಿನ ಮಾತು ಹೇಳಲೇಬೇಕು. ಕೈಪಿಡಿಗಳಲ್ಲಿ 10,000 ಲೀಟರಿಗೆ 10–15 ಕೆ.ಜಿ. ಕಲ್ಲುಪ್ಪು ಎಂದಿರುತ್ತದೆ. ನೈಟ್ರೈಟ್ ವಿಷದಿಂದ ಮೀನನ್ನು ಕಾಯುವುದು ಉಪ್ಪಿನ ಕ್ಲೋರೈಡ್. ಅದು ನೈಟ್ರೈಟ್ ಸಾರಜನಕದ 20 ಪಟ್ಟು ಇದ್ದರೆ ಸಾಕು. ಈ ಟ್ಯಾಂಕಿಗೆ 3 ಕೆ.ಜಿ. ಹಾಕಿದರೆ ಲೀಟರಿಗೆ ಸುಮಾರು 145 ಮಿ.ಗ್ರಾಂ ಕ್ಲೋರೈಡ್ ಸಿಗುತ್ತದೆ, ನೈಟ್ರೈಟ್ ಸಾರಜನಕ 7 ಮಿ.ಗ್ರಾಂವರೆಗೂ ಕಾಯುತ್ತದೆ. ಉಳಿದ ಉಪ್ಪೆಲ್ಲ ಬೇಸಿಗೆಯಲ್ಲಿ ಅಡಿಕೆ ಬುಡದಲ್ಲಿ ಶೇಖರವಾಗುವುದಕ್ಕೆ. ತೆಂಗು ಸ್ವಲ್ಪ ತಡೆದುಕೊಳ್ಳುತ್ತದೆ, ಅಡಿಕೆ ತಡೆಯುವುದಿಲ್ಲ.

ಮಳೆಗಾಲದಲ್ಲಿ ಈ ಸೆಟ್‌ಗೆ ಸೂರು ಬೇಕೇ ಬೇಕು. ಸೂರು ಸೆಟ್‌ನ ದರದಲ್ಲಿ ಸೇರಿರುವುದಿಲ್ಲ. 4 ಮೀಟರ್ ಟ್ಯಾಂಕಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 1,250 ಲೀಟರ್ ಒಳಗೆ ಬರುತ್ತದೆ, ಟ್ಯಾಂಕಿನ ಹತ್ತನೇ ಒಂದು ಪಾಲು. 1.2 ಮೀಟರ್ ಎತ್ತರದ ಟ್ಯಾಂಕಿನಲ್ಲಿ ಮೇಲೆ ಖಾಲಿ ಇರುವುದು 20 ಸೆಂ.ಮೀ. ಜೂನ್, ಜುಲೈಯಲ್ಲಿ ಎರಡೇ ದಿನದಲ್ಲಿ ಅದು ತುಂಬಿ, ಮೇಲಿನ ಪೈಪಿನಿಂದ ಫ್ಲಾಕ್ ಸಮೇತ ನೀರು ತೋಡಿಗೆ ಹೋಗುತ್ತದೆ. ಉಳಿದ ನೀರಿನ ಕ್ಷಾರತೆಯೂ ತೆಳುವಾಗುತ್ತದೆ. ಮೀನು ಹಿಡಿಯುವುದನ್ನೂ ಮಳೆ ನೋಡಿ ಹೊಂದಿಸಿಕೊಳ್ಳಿ. ಬೆಳೆಯ ಕೊನೆಯಲ್ಲಿ ಲೀಟರಿಗೆ 80 ಮಿ.ಗ್ರಾಂ ನೈಟ್ರೇಟ್ ಸಾರಜನಕ ಇರುವುದು ಅಪರೂಪವಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡಿದರೆ 1 ಕೆ.ಜಿ. ಸಾರಜನಕ ಒಂದೇ ಗಂಟೆಯಲ್ಲಿ ಹೊರಗೆ. ಪರಿಸರ ಸಂರಕ್ಷಣಾ ನಿಯಮಗಳಡಿ ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯಕ್ಕೆ ನೈಟ್ರೇಟ್ ಸಾರಜನಕದ ಮಿತಿ ಲೀಟರಿಗೆ 10 ಮಿ.ಗ್ರಾಂ, ಕರಗಿದ ರಂಜಕದ್ದು 5. ನೈಟ್ರೇಟ್ ಮಿತಿಯ ಎಂಟು ಪಟ್ಟು ಇರುವ ನೀರನ್ನು ತೋಡಿಗೆ ಬಿಡುವ ಹಕ್ಕು ಯಾರಿಗೂ ಇಲ್ಲ. ಏಪ್ರಿಲ್–ಮೇ ಒಳಗೆ ಮೀನು ಹಿಡಿದು, ಮೂರನೇ ಒಂದು ಭಾಗ ನೀರನ್ನು ಮುಂದಿನ ಬೆಳೆಗೆ ಹೆಪ್ಪಾಗಿ ಉಳಿಸಿ, ಮಿಕ್ಕಿದ್ದನ್ನು ಬೇಸಿಗೆಯ ನೀರಾವರಿಯಲ್ಲಿ 125 ಮರಕ್ಕೆ ಹಂಚಿದರೆ ಮರಕ್ಕೆ 70 ಲೀಟರೂ ಬೀಳುವುದಿಲ್ಲ. ಬೇಸಿಗೆಯಲ್ಲಿ ಅಡಿಕೆ ಅದಕ್ಕಿಂತ ಹೆಚ್ಚು ಕುಡಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಅತಿ ಅಗ್ಗದ ಮಾಲಿನ್ಯ ನಿಯಂತ್ರಣ ಫೀಡ್ ಹಾಕುವ ಕೈಯಲ್ಲೇ ಇದೆ. 200 ಕೆ.ಜಿ. ಮೀನಿಗೆ ಕೆ.ಜಿ.ಗೆ 1.8 ಕೆ.ಜಿ. ಫೀಡಿನ ಬದಲು 1.4 ಕೆ.ಜಿ.ಯ ಅನುಪಾತ ಸಾಧಿಸಿದರೆ 80 ಕೆ.ಜಿ. ಫೀಡ್ ಉಳಿಯಿತು, 3.6 ಕೆ.ಜಿ. ಸಾರಜನಕ ಟ್ಯಾಂಕಿಗೆ ಬೀಳಲೇ ಇಲ್ಲ. ಯಾವ ಡ್ರಮ್ಮೂ ಇಷ್ಟು ತೆಗೆಯುವುದಿಲ್ಲ. 15–20 ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ; 50–100 ಗ್ರಾಂ ಮೀನಿಗೆ ಮೈತೂಕದ 3%, 300 ಗ್ರಾಂ ದಾಟಿದ ಮೇಲೆ 2%ಗಿಂತ ಕಡಿಮೆ. ಫ್ಲಾಕ್ ಚೆನ್ನಾಗಿದ್ದರೆ ತಿಲಾಪಿಯಾ ಅದನ್ನೂ ತಿನ್ನುತ್ತದೆ, ಅಷ್ಟು ಫೀಡ್ ಕಡಿಮೆ ಮಾಡಬಹುದು. ಹದಿನೈದು ದಿನಕ್ಕೊಮ್ಮೆ ಬಲೆ ಹಾಕಿ ಇಪ್ಪತ್ತು ಮೂವತ್ತು ಮೀನು ತೂಗದೆ ಅಂದಾಜಿನಲ್ಲಿ ಹಾಕಿದರೆ ಅರ್ಧ ಚೀಲ ಕೆಸರಾಗಿ ಡ್ರಮ್ಮಿಗೆ ಹೋಗುತ್ತದೆ.

ಪರೀಕ್ಷಾ ಕಿಟ್ ನಂಬಬಹುದಾದದ್ದೇ, ಬಳಸುವ ಕ್ರಮ ಸರಿ ಇದ್ದರೆ. ಟ್ಯಾಂಕಿನ ನೀರು ಕಂದು ಬಣ್ಣದ್ದು, ನೇರವಾಗಿ ಹನಿ ಹಾಕಿದರೆ ಬಣ್ಣದ ಪಟ್ಟಿಗೆ ಹೋಲಿಸಲಾಗದು. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಹಗಲು ಬೆಳಕಿನಲ್ಲಿ ಬಿಳಿ ಹಾಳೆ ಹಿಂದಿಟ್ಟು ನೋಡಿ. ನೈಟ್ರೇಟಿನ ಎರಡನೇ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. 30 ಸೆಕೆಂಡ್ ಜೋರಾಗಿ ಕುಲುಕದಿದ್ದರೆ ಎಷ್ಟಿದ್ದರೂ ಕಡಿಮೆಯೇ ತೋರಿಸುತ್ತದೆ, ನೀವು ನೆಮ್ಮದಿಯಿಂದ ಇರುತ್ತೀರಿ. ಪಟ್ಟಿಯ ಕೊನೆಯ ಕೆಂಪಿಗೆ ಹೋದರೆ ಒಂದು ಪಾಲು ನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ನೋಡಿ, ಹತ್ತರಿಂದ ಗುಣಿಸಿ. ಇನ್ನೊಂದು: ಕೆಲವು ಕಿಟ್ ನೈಟ್ರೇಟ್ ಎಂದೇ ಹೇಳುತ್ತವೆ, ಕೆಲವು ನೈಟ್ರೇಟ್‌ನಲ್ಲಿರುವ ಸಾರಜನಕ ಮಾತ್ರ ಹೇಳುತ್ತವೆ. ಎರಡರ ನಡುವೆ 4.4 ಪಟ್ಟು ವ್ಯತ್ಯಾಸ ಇದೆ. ರಂಜಕ ನೋಡುವ ಬಾಟಲಿ ಯಾವ ಸೆಟ್‌ನಲ್ಲೂ ಇಲ್ಲದಿರುವುದು ಬೇಸರದ ಸಂಗತಿ.

ಕೊಳ್ಳುವ ಮೊದಲು ಕೇಳಿ: ತಳಕ್ಕೆ ಮೀಟರಿಗೆ 6 ಸೆಂ.ಮೀ. ಇಳಿಜಾರು ಹಾಕಿಕೊಡುತ್ತೀರಾ, ಡ್ರಮ್ಮಿಗೆ ಏರ್‌ಲಿಫ್ಟ್ ಕೊಡುತ್ತೀರಾ, ಕ್ಷಾರತೆಯ ಕಿಟ್ ಸೇರಿಸುತ್ತೀರಾ. ಮೂರಕ್ಕೂ ಹೌದು ಎಂದರೆ ಸೆಟ್ ತೆಗೆದುಕೊಳ್ಳಬಹುದು. ಇಲ್ಲವೆಂದರೆ ಟ್ಯಾಂಕ್ ಮತ್ತು ಏರ್ ಪಂಪ್ ಮಾತ್ರ ಕೊಂಡು ಉಳಿದದ್ದನ್ನು ಪ್ಲಂಬಿಂಗ್ ಅಂಗಡಿಯಿಂದ ಜೋಡಿಸಿಕೊಳ್ಳಿ. ಲೆಕ್ಕದಲ್ಲಿ ಸಂಶಯ ಬಂದರೆ ಉಡುಪಿಯವರಿಗೆ ಬ್ರಹ್ಮಾವರದಲ್ಲೂ ದಕ್ಷಿಣ ಕನ್ನಡದವರಿಗೆ ಮಂಗಳೂರಿನಲ್ಲೂ ಕೃಷಿ ವಿಜ್ಞಾನ ಕೇಂದ್ರ ಇದೆ. 1969ರಿಂದ ಮೀನುಗಾರಿಕಾ ಕಾಲೇಜು ಇರುವುದೂ ಮಂಗಳೂರಿನಲ್ಲೇ.

ಟ್ಯಾಂಕಿಗೆ ಮೊದಲ ನೀರು ತುಂಬುವ ದಿನ, ಅದೇ ನೈಟ್ರೇಟ್ ಬಾಟಲಿಯಿಂದ ಮನೆಯ ಬಾವಿ ನೀರನ್ನೂ ನೋಡಿ, ಬಂದ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿ.ಗ್ರಾಂ ನೈಟ್ರೇಟ್. ತಿಂಗಳಿಗೊಮ್ಮೆ, ಮಳೆ ಹಿಡಿದ ಮೊದಲ ವಾರ ತಪ್ಪದೆ, ಮತ್ತೆ ನೋಡಿ. ಮೊದಲ ಅಂಕಿಗಿಂತ ಏರುತ್ತಾ ಬಂದರೆ 45 ತಲುಪುವವರೆಗೆ ಕಾಯಬೇಡಿ. ಬಗ್ಗಡ ಹಾಕುವ ಜಾಗವನ್ನು ಅಂದೇ ಬಾವಿಯ ಕೆಳಮಗ್ಗುಲಿಗೆ ಬದಲಿಸಿ, ಪಕ್ಕದ ಮನೆಯವರ ಬಾವಿಯ ನೀರನ್ನೂ ತಂದು ಪರೀಕ್ಷಿಸಿ.